ಕಪ್ಪಿಗೆ ಮೊದಲು ಇಸಿಜಿ

ಕಬಡ್ಡಿ ಟೂರ್ನಮೆಂಟಿಗೆ ಕಪ್ ಕೊಡಿಸುವವರ ಪದ್ಧತಿ ಒಂದಿದೆ. ಮಾಲೆ ಹಾಕಿಸಿಕೊಳ್ಳಬೇಕು, ಮೈಕಿನಲ್ಲಿ ಹೆಸರು ಕೂಗಿಸಿಕೊಳ್ಳಬೇಕು, ಎರಡೂ ತಂಡದವರ ಕೈ ಕುಲುಕಬೇಕು, ಮೊದಲ ಮ್ಯಾಚ್ ಶುರುವಾಗುತ್ತಿದ್ದ ಹಾಗೆ ಕೆಲಸ ಇದೆ ಅಂತ ಕಾರು ಹತ್ತಬೇಕು. ನಾನೂ ಹಾಗೇ ಮಾಡುತ್ತಿದ್ದೆ. ಬುಟ್ಟಿಯಲ್ಲಿ ಮಾವಿನಕಾಯಿ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದ ನಾನು ಶ್ರೀನಿವಾಸಪುರದಲ್ಲಿ ಸ್ವಂತ ಮಾವಿನ ಮಂಡಿ ಇಟ್ಟ ಮೇಲೆ, ಸುತ್ತಮುತ್ತಲಿನ ಹುಡುಗರು ಅಕ್ಕಾ ಅಕ್ಕಾ ಅಂತ ಬರುತ್ತಾರೆ, ಕಪ್ ಕೇಳುತ್ತಾರೆ, ಬನಿಯನ್ ಕೇಳುತ್ತಾರೆ. ಕೊಡುತ್ತಿದ್ದೆ. ಮಂಡಿಗೆ ಕಾಯಿ ತರುವವರು ಆ ಹುಡುಗರ ಅಪ್ಪಂದಿರೇ. ಇದು ವ್ಯಾಪಾರ, ದಾನ ಅಂತ ಹೇಳಿಕೊಳ್ಳುವುದಿಲ್ಲ.

ಒಂದು ಸಲ ಮುಳಬಾಗಿಲು ಕಡೆಯ ಊರೊಂದರಲ್ಲಿ ಹೊರಡುವುದು ತಡವಾಯಿತು. ನನ್ನ ಕಾರಿಗೆ ಅಡ್ಡ ಯಾರೋ ಟ್ರ್ಯಾಕ್ಟರ್ ನಿಲ್ಲಿಸಿ ಎಲ್ಲೋ ಹೋಗಿದ್ದರು. ಹಾಗಾಗಿ ಆಟ ನೋಡುತ್ತಾ ಕೂತೆ. ಒಬ್ಬ ರೈಡರ್ ಎದುರಿನವರ ಅಂಗಳಕ್ಕೆ ಹೋಗಿ, ಒಬ್ಬನನ್ನು ಮುಟ್ಟಿ, ಗೆರೆ ದಾಟಿ ವಾಪಸ್ ಬಂದ. ಮೊಣಕಾಲ ಮೇಲೆ ಎರಡೂ ಕೈ ಊರಿ ನಿಂತ. ಸುಧಾರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಹಾಗೇ ಮುಂದಕ್ಕೆ ಬಿದ್ದ. ಫಿಟ್ಸ್ ಅಂತ ಯಾರೋ ಅಂದರು, ಅವನ ಮುಷ್ಟಿಗೆ ಬೀಗದ ಕೈ ತುರುಕಿದರು. ಮುಖಕ್ಕೆ ನೀರು ಹಾಕಿದರು. ಗಾಳಿ ಬಿಡಿ ಅಂತ ಕೂಗುತ್ತಲೇ ಎಲ್ಲರೂ ಅವನ ಮೇಲೆ ಬಗ್ಗಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹುಡುಗ ಇರಲಿಲ್ಲ. ಬಿಸಿಲು ಅಂದರು ಕೆಲವರು, ದೃಷ್ಟಿ ಅಂದರು ಕೆಲವರು. ಮೈಕಿನವನು ಕಪ್ಪಿನ ಮೇಲೆ ಟವೆಲ್ ಹೊದಿಸಿದ್ದ. ಆ ಕಪ್ ನಾನು ಕೊಡಿಸಿದ್ದು.

ಮರುದಿನದಿಂದಲೇ ಕೇಳುವುದಕ್ಕೆ ಶುರು ಮಾಡಿದೆ. ನನಗೆ ಗೊತ್ತಿಲ್ಲದ್ದನ್ನು ಕೇಳುವುದಕ್ಕೆ ನಾನು ನಾಚಿದವಳಲ್ಲ. ಕೋಲಾರದಲ್ಲಿ ಒಬ್ಬರು ಡಾಕ್ಟರು ಇದ್ದಾರೆ, ನನ್ನ ಬಿಪಿ ನೋಡುವವರು. ಅವರ ಮುಂದೆ ಕೂತು ವಿಷಯ ಹೇಳಿದೆ. ಅವರು, "ಆ ಹುಡುಗನಿಗೆ ಏನಾಗಿತ್ತು ಅಂತ ನೋಡದೆ ಹೇಳಲಾರೆ. ಆದರೆ ಕೆಲವರ ಗುಂಡಿಗೆಯಲ್ಲಿ ಹುಟ್ಟಿನಿಂದಲೇ ಒಂದು ಐಬು ಇರುತ್ತೆ. ಸುಮ್ಮನೆ ಕೂತಾಗ ಏನೂ ಗೊತ್ತಾಗಲ್ಲ. ಜೋರಾಗಿ ಆಡಿದಾಗ ತೊಂದರೆ ಕೊಡುತ್ತೆ," ಅಂದರು.

"ಮೊದಲೇ ಕಂಡುಹಿಡಿಯೋಕೆ ಆಗಲ್ವಾ?"

"ಎಲ್ಲವನ್ನೂ ಆಗಲ್ಲ. ಕೆಲವನ್ನು ಆಗುತ್ತೆ. ನಾಲ್ಕು ಪ್ರಶ್ನೆ ಸರಿಯಾಗಿ ಕೇಳಬೇಕು, ಬಿಪಿ ನೋಡಬೇಕು, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು, ಒಂದು ಇಸಿಜಿ ತೆಗೀಬೇಕು."

"ಹಾಗಾದ್ರೆ ಈ ವರ್ಷ ನನ್ನ ಕಪ್ಪಿಗೆ ಆಡೋರಿಗೆಲ್ಲ ಅದನ್ನ ಮಾಡಿಕೊಡಿ. ಸೀಸನ್ ಮುಗಿದ ಮೇಲೆ ಮಂಡಿ ಖಾಲಿ ಇರುತ್ತೆ, ಅಲ್ಲೇ ಜಾಗ ಕೊಡ್ತೀನಿ. ಭಾನುವಾರ ಬನ್ನಿ."

ಭಾನುವಾರ ಮಕ್ಕಳ ಜೊತೆ ಇರ್ತೀನಿ ಅಂದರು. ಮಕ್ಕಳನ್ನೂ ಕರೆತನ್ನಿ, ತೋಟ ತೋರಿಸ್ತೀನಿ ಅಂದೆ. ಹುಡುಗರು ಬರಲ್ಲ ಅಂದರು. ಬರದಿದ್ರೆ ಆಟ ಇಲ್ಲ ಅಂತ ಹೇಳ್ತೀನಿ ಅಂದೆ. ಒಂದೊಂದು ನೆಪಕ್ಕೂ ಒಂದೊಂದು ಉತ್ತರ ಕೊಡುತ್ತಾ ಹೋದರೆ ಎದುರಿನವರು ಕೊನೆಗೆ ನಿಜವಾದ ಷರತ್ತಿಗೆ ಬರುತ್ತಾರೆ. ಅವರೂ ಬಂದರು. "ನೋಡೀಮ್ಮ, ನಾನು ಒಬ್ಬನನ್ನ ಆಡಬೇಡ ಅಂದರೆ ನೀವು ಅವನನ್ನ ಆಡಿಸಬಾರದು. ಊರಿನ ದೊಡ್ಡವರು ಬಂದರು, ಅಳುತ್ತಾ ಕೂತರು ಅಂತ ಆಮೇಲೆ ಫೋನ್ ಮಾಡಬಾರದು. ಒಪ್ಪಿಗೆ ಇದ್ದರೆ ಬರ್ತೀನಿ."

ಒಪ್ಪಿಗೆ ಅಂದೆ. ಆ ಮಾತಿನ ಭಾರ ಆಗ ನನಗೆ ಪೂರ್ತಿ ಗೊತ್ತಿರಲಿಲ್ಲ.

ಮಾವಿನ ಸೀಸನ್ ಮುಗಿದು ಗಣೇಶನ ಹಬ್ಬ ಹತ್ತಿರ ಬರುವ ಹೊತ್ತಿಗೆ ಮಂಡಿಯ ನೆಲದಲ್ಲಿ ಒಣಹುಲ್ಲಿನ ಚೂರು ಬಿಟ್ಟರೆ ಏನೂ ಇರುವುದಿಲ್ಲ. ಗುಡಿಸಿ, ತೊಳೆಸಿ, ಮೂಲೆಯಲ್ಲಿ ಬೆಡ್‌ಶೀಟ್ ಕಟ್ಟಿ ಮರೆ ಮಾಡಿಸಿದೆ. ಒಳಗೆ ಮಂಚ, ಇಸಿಜಿ ಮೆಷಿನ್, ಅದನ್ನು ನಡೆಸುವ ಟೆಕ್ನಿಷಿಯನ್. ಹೊರಗೆ ಬೆಂಚಿನ ಮೇಲೆ ಡಾಕ್ಟರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಿದ್ದರು: ಆಡುವಾಗ ಯಾವತ್ತಾದರೂ ಕಣ್ಣು ಕತ್ತಲೆ ಬಂದಿದೆಯಾ, ಎದೆ ನೋವು ಬಂದಿದೆಯಾ, ಎದೆ ಇದ್ದಕ್ಕಿದ್ದಂತೆ ಡಬಡಬ ಅಂದಿದೆಯಾ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹಠಾತ್ ತೀರಿಕೊಂಡಿದ್ದಾರಾ. ಹುಡುಗರು ಎಲ್ಲದಕ್ಕೂ ಇಲ್ಲ ಸಾರ್, ಇಲ್ಲ ಸಾರ್ ಅನ್ನುತ್ತಿದ್ದರು. ಅಷ್ಟು ಬೇಗ ಬರುವ ಉತ್ತರವನ್ನು ನಾನು ನಂಬುವುದಿಲ್ಲ. ಕಾಯಿ ತಂದವನು ಕೆಳಗಿನ ಪದರದಲ್ಲೂ ಇದೇ ಕಾಯಿ ಅಕ್ಕಾ ಅಂತ ಕೇಳುವ ಮೊದಲೇ ಹೇಳಿದರೆ ಕ್ರೇಟ್ ತಿರುವಿ ಹಾಕಿಸುತ್ತೇನೆ.

ರಾಯಲ್ಪಾಡು ಕಡೆಯ ತಂಡ ಬಂತು. ಅವರ ಕ್ಯಾಪ್ಟನ್ ನಮ್ಮ ಮಂಡಿಗೇ ಟೆಂಪೋ ಓಡಿಸುವವನು, ಮಾತುಗಾರ. ಅವರ ರೈಡರ್ ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುವ ಹುಡುಗ. ಮಾಲೂರಿನಲ್ಲಿ ರೂಮು ಮಾಡಿಕೊಂಡಿದ್ದ, ಕಂಪನಿ ಬಸ್ಸಿನಲ್ಲಿ ಓಡಾಡುತ್ತಿದ್ದ, ರಜೆ ಸಿಕ್ಕರೆ ಊರಿಗೆ ಬಂದು ಆಡುತ್ತಿದ್ದ. ಅವನ ಆಟ ನೋಡಿದವರಿಗೆ ಗೊತ್ತು, ಹಿಡಿಯಲು ಬಂದವರ ಕೈಯಿಂದ ಸೋಪಿನ ಹಾಗೆ ಜಾರುತ್ತಿದ್ದ. ಆ ವರ್ಷ ಅವನಿಗೆ ಈ ಟೂರ್ನಮೆಂಟ್ ಬರೀ ಕಪ್ಪಿನ ವಿಷಯ ಆಗಿರಲಿಲ್ಲ. ಅವನು ಇನ್ನೂ ಕಾಂಟ್ರಾಕ್ಟ್ ಮೇಲಿದ್ದ. ಕಂಪನಿಯ ಕಬಡ್ಡಿ ತಂಡ ನೋಡಿಕೊಳ್ಳುವವರು ಅವನ ಆಟ ನೋಡಲು ಬರುವವರಿದ್ದರು. ಚೆನ್ನಾಗಿ ಆಡಿದರೆ ತಂಡಕ್ಕೆ ತೆಗೆದುಕೊಂಡು ಪರ್ಮನೆಂಟ್ ಮಾಡಿಸುತ್ತೇವೆ ಅಂತ ಮಾತು ಕೊಟ್ಟಿದ್ದರು.

ಮಧ್ಯಾಹ್ನದ ಹೊತ್ತಿಗೆ ಟೆಕ್ನಿಷಿಯನ್ ಮರೆಯಿಂದ ಹೊರಗೆ ಬಂದು ನೀರು ಕುಡಿಯುತ್ತಾ ನಕ್ಕ. "ಅಕ್ಕಾ, ಬೆಳಿಗ್ಗೆಯಿಂದ ಯಾರ ಮುಖನೂ ನೋಡೋಕೆ ಪುರಸೊತ್ತಿಲ್ಲ, ಆದ್ರೆ ಈಗ ಬಂದಿದ್ದ ಹುಡುಗ ಬೇರೆ ಕಡೆನೂ ಇಸಿಜಿ ಮಾಡಿಸ್ಕೊಂಡು ಬಂದಿದಾನೆ ಅನ್ಸುತ್ತೆ. ಎದೆ ಮೇಲೆ ಆಗ್ಲೇ ದುಂಡನೆ ಗುರುತಿದ್ವು."

ಆ ಮೆಷಿನ್ನಿಗೆ ಎದೆಯ ಮೇಲೆ ಅಂಟಿಸುವ ರಬ್ಬರ್ ಬುಡ್ಡೆಗಳಿವೆ. ಎಳೆದುಕೊಂಡು ಹಿಡಿಯುತ್ತವೆ, ತೆಗೆದ ಮೇಲೆ ಸ್ವಲ್ಪ ಹೊತ್ತು ಕೆಂಪಗೆ ಗುರುತು ಉಳಿಯುತ್ತದೆ. ನನಗೆ ತಕ್ಷಣ ಹೊಳೆಯಿತು. ನಮ್ಮ ಕಡೆ ತೂಕದ ಲೆಕ್ಕದಲ್ಲಿ ಟೂರ್ನಮೆಂಟ್ ನಡೆಸುತ್ತಾರೆ, ಇಷ್ಟು ಕೆಜಿ ಒಳಗಿನವರು ಮಾತ್ರ ಆಡಬೇಕು ಅಂತ. ತೂಕ ಜಾಸ್ತಿ ಇರುವವನು ಯಂತ್ರದ ಮೇಲೆ ತನ್ನ ಬದಲು ತೆಳ್ಳಗಿರುವ ಗೆಳೆಯನನ್ನು ನಿಲ್ಲಿಸುತ್ತಾನೆ, ಆಟಕ್ಕೆ ತಾನು ಇಳಿಯುತ್ತಾನೆ. ಎಲ್ಲ ಊರಿನ ತಂಡಗಳೂ ಮಾಡುವ ಕೆಲಸ. ತಪ್ಪು ಅಂತ ಯಾರೂ ತಿಳಿಯುವುದಿಲ್ಲ, ಜಾಣತನ ಅಂತ ತಿಳಿಯುತ್ತಾರೆ. ಇವರು ಇಸಿಜಿಯನ್ನೂ ತೂಕದ ಯಂತ್ರ ಅಂದುಕೊಂಡಿದ್ದರು.

ಯಾರು ಅಂತ ಟೆಕ್ನಿಷಿಯನ್‌ನನ್ನು ಕೇಳಿದೆ. ಅವನು ಬೆರಳು ಮಾಡಿದ ಕಡೆ ಕ್ಯಾಪ್ಟನ್ ಟೆಂಪೋ ಪಕ್ಕ ನಿಂತು ಚಹಾ ಕುಡಿಯುತ್ತಿದ್ದ.

"ಲೇ, ಶರ್ಟ್ ಬಿಚ್ಚು," ಅಂದೆ.

"ಏನಕ್ಕಾ, ಎಲ್ಲರ ಮುಂದೆ?"

"ಆಟದಲ್ಲಿ ಚಡ್ಡಿ ಮೇಲೆ ಓಡಾಡೋನಿಗೆ ನಾಚಿಕೆ ಬೇರೆ. ಬಿಚ್ಚೋ."

ಬಿಚ್ಚಿದ. ಒಂದು ಸಾಲಲ್ಲ, ಎರಡು ಸಾಲು ಗುರುತು, ಒಂದರ ಮೇಲೊಂದು ಸ್ವಲ್ಪ ಸರಿದು. ಸುತ್ತ ಇದ್ದ ಹುಡುಗರು ನಕ್ಕರು. ಅವನೂ ನಕ್ಕ. "ಅಕ್ಕಾ, ಗುಂಡಿಗೆ ಗಟ್ಟಿ ಇದೆ, ಎರಡು ಸಲ ನೋಡಿದ್ರೂ ಸವೆಯಲ್ಲ ಬಿಡು."

"ಎರಡನೇದು ಯಾರ ಹೆಸರಲ್ಲಿ ಮಲಗಿದ್ದೆ?"

ನಗು ನಿಂತಿತು. ಅವನ ಕಣ್ಣು ರೈಡರ್ ಕಡೆ ಹೋಯಿತು. ಅಷ್ಟು ಸಾಕಾಗಿತ್ತು.

ರೈಡರನ್ನು ಮಂಡಿಯ ಹಿಂದಕ್ಕೆ ಕರೆದುಕೊಂಡು ಹೋದೆ. ಬೈಯಲಿಲ್ಲ. ಬೈದರೆ ಎದುರಿನವನ ಬಾಯಿ ಮುಚ್ಚಿಕೊಳ್ಳುತ್ತದೆ, ಬೆಲೆ ಗೊತ್ತಾಗುವುದಿಲ್ಲ. "ಆಡುವಾಗ ಕಣ್ಣು ಕತ್ತಲೆ ಬರುತ್ತಲ್ವಾ?" ಅಂತ ಮಾತ್ರ ಕೇಳಿದೆ.

ಅವನು ಗೋಡೆಗೆ ಒರಗಿ ನಿಂತ. "ಎರಡು ಮೂರು ಸಲ ಅಕ್ಕಾ. ಊಟ ಸರಿಯಾಗಿ ಮಾಡಿರಲ್ಲ, ನೈಟ್ ಶಿಫ್ಟ್ ಮಾಡಿರ್ತೀನಿ, ಅದಕ್ಕೇ."

"ಅದಕ್ಕೇ ಆಗಿದ್ರೆ ಮೆಷಿನ್ ಹೇಳುತ್ತೆ. ಯಾಕೆ ಹೆದರ್ತೀಯ?"

"ಒಂದು ಸಲ ಬೇಡ ಅಂತ ಬರೆದ್ರೆ ಮುಗೀತು. ನೀವು ಪಾಸಾದೋರ ಹೆಸರು ಮೈಕಲ್ಲಿ ಕೂಗಿಸ್ತೀರಂತೆ. ನನ್ನ ಹೆಸರು ಬರಲಿಲ್ಲ ಅಂದ್ರೆ ಕಂಪನಿಯೋರ ಕಿವಿಗೆ ಬೀಳುತ್ತೆ. ಊರಲ್ಲಿ ಬೀಳುತ್ತೆ."

ಮೈಕಿನ ವಿಷಯ ನಿಜ. ದಾನಿಗಳ ಹೆಸರು ಕೂಗುವ ಹಾಗೆ ಪಾಸಾದವರ ಹೆಸರನ್ನೂ ಕೂಗಿಸಿದರೆ ಹುಡುಗರಿಗೆ ಹುಮ್ಮಸ್ಸು ಬರುತ್ತದೆ ಅಂತ ನಾನೇ ಹೇಳಿ ಕಳಿಸಿದ್ದೆ. ಅದನ್ನು ಅಲ್ಲೇ ಕೈಬಿಟ್ಟೆ. ಇಂಥ ಪರೀಕ್ಷೆ ಇಡಬೇಕು ಅಂತ ಇರುವವರಿಗೆ ನನ್ನ ಮೊದಲ ಸಲಹೆ ಇದೇ: ರಿಪೋರ್ಟ್ ಆಟಗಾರನ ಕೈಗೆ ಮಾತ್ರ ಹೋಗಲಿ. ಬೇರೆಯವರ ಕಿವಿಗೆ ಬೀಳುತ್ತದೆ ಅಂತ ಗೊತ್ತಾದರೆ ಯಾವ ಹುಡುಗನೂ ನಿಜ ಹೇಳುವುದಿಲ್ಲ.

"ಮೈಕಿಲ್ಲ," ಅಂದೆ. "ಡಾಕ್ಟರು ನನಗೆ ಆಡಬಹುದಾ ಇಲ್ವಾ ಅಷ್ಟೇ ಹೇಳ್ತಾರೆ, ಉಳಿದದ್ದು ನಿನಗೆ. ನೀನು ಬಯಸಿದ್ರೆ ನನಗೆ ಹೇಳು. ಇನ್ನೇನು ಬೇಕು?"

"ಏನಾದ್ರೂ ಇದ್ರೆ, ಮುಂದಿನ ಆಸ್ಪತ್ರೆಗೆ ನೀವು ಬರ್ಬೇಕು. ಅಮ್ಮನ್ನ ಕರ್ಕೊಂಡು ಹೋಗಲ್ಲ ನಾನು."

"ಬರ್ತೀನಿ. ಹೋಗು, ಮಲಕ್ಕೋ."

ಅವನದೇ ಇಸಿಜಿ ಬಂತು. ಡಾಕ್ಟರು ಆ ಉದ್ದದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು, ಅವನನ್ನು ಮತ್ತೆ ಕೂರಿಸಿ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ನಿಲ್ಲಿಸಿ ಕೇಳಿದರು, ಕುಕ್ಕರುಗಾಲಲ್ಲಿ ಕೂರಿಸಿ ಕೇಳಿದರು. ಅವನು ಕೈಸನ್ನೆ ಮಾಡಿ ನನ್ನನ್ನು ಕರೆದ, ನೀವೂ ಇರಿ ಅಂತ.

"ಆಟ ಆಡೋರ ಗುಂಡಿಗೆ ಬೇರೆಯವರಿಗಿಂತ ಸ್ವಲ್ಪ ದಪ್ಪ ಇರೋದು ಸಹಜ," ಅಂದರು ಡಾಕ್ಟರು. "ಇದು ಅಷ್ಟೇ ಅನ್ನೋಕೆ ನನಗೆ ಧೈರ್ಯ ಇಲ್ಲ. ಎಕೋ ಸ್ಕ್ಯಾನ್ ಆಗಬೇಕು. ಬೆಂಗಳೂರಿಗೆ ಬರೆದು ಕೊಡ್ತೀನಿ. ಅಲ್ಲೀವರೆಗೂ ಆಟ ಬೇಡ, ಓಟ ಬೇಡ, ಭಾರ ಎತ್ತೋದು ಬೇಡ."

ಸ್ಕ್ಯಾನಿಗೆ ದಿನ ಸಿಕ್ಕಿದ್ದು ಟೂರ್ನಮೆಂಟ್ ಮುಗಿದ ಮೇಲೆ. ಅದಕ್ಕೆ ಮೊದಲು ಸಿಗುವುದಿಲ್ಲವಾ ಅಂತ ನಾನು ಮಾಡದ ಫೋನ್ ಇಲ್ಲ. ಸಿಗಲಿಲ್ಲ.

ಆ ವಾರ ನಾನು ರಾಯಲ್ಪಾಡು ಕಡೆ ಅವನ ಊರಿಗೆ ಹೋದೆ. ಹೇಗೆ ಕೇಳಿದರೂ ಅವನು ಅಪ್ಪ ತೀರಿಕೊಂಡ ವಿಷಯಕ್ಕೆ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಅಮ್ಮನನ್ನೇ ಕೇಳ್ಕೊಳ್ಳಿ, ಅಂದಿದ್ದ. ಅವನ ತಾಯಿ ಜಗಲಿಯ ಮೇಲೆ ಟೊಮೆಟೊ ವಿಂಗಡಿಸುತ್ತಿದ್ದಳು. ನಾನೂ ಎದುರಿಗೆ ಕೂತು ಕೈ ಹಾಕಿದೆ. ಕೈಗೆ ಕೆಲಸ ಇದ್ದರೆ ಮಾತು ಸಲೀಸಾಗಿ ಬರುತ್ತದೆ.

"ನಿಮ್ಮ ಯಜಮಾನರು ಹೇಗೆ ಹೋದ್ರು?" ಅಂತ ಕೇಳಿದೆ.

ಅವಳು ತಲೆ ಎತ್ತಲಿಲ್ಲ. "ಗಾಳಿ ಹೊಡೀತು."

"ಎಲ್ಲಿ?"

"ತೋಟದಲ್ಲಿ. ಪೈಪ್ ಎಳೀತಾ ಇದ್ರು. ಕೂತ್ರು, ಬಿದ್ರು. ಹಿಂದಿನ ದಿನದವರೆಗೂ ಎತ್ತಿನ ಹಾಗಿದ್ರು." ಒಂದು ಹಣ್ಣನ್ನು ತಿರುವಿ ನೋಡಿ ಪಕ್ಕಕ್ಕೆ ಹಾಕಿದಳು. "ಅವರಣ್ಣನೂ ಹಾಗೇ. ಇದನ್ನೆಲ್ಲ ಯಾಕೆ ಕೇಳ್ತೀಯಮ್ಮ?"

"ಡಾಕ್ಟರಿಗೆ ಹೇಳಬೇಕು."

"ಹೇಳಿದ್ರೆ?" ಈಗ ತಲೆ ಎತ್ತಿದಳು. "ಮನೇಲಿ ಇನ್ನೊಬ್ಬಳಿದಾಳೆ, ಓದ್ತಾ ಇದಾಳೆ. ನಾಳೆ ಗಂಡಿನ ಕಡೆಯೋರು ವಿಚಾರಿಸಿದ್ರೆ, ಅದು ಗುಂಡಿಗೆ ಕಾಯಿಲೆ ಮನೆ ಅಂತಾರೆ. ನೀನು ಬಂದು ಮದುವೆ ಮಾಡಿಸ್ತೀಯಾ?"

ಇದ್ದದ್ದನ್ನೇ ಹೇಳಿದೆ. "ಮುಚ್ಚಿಟ್ಟು ಮದುವೆ ಮಾಡಬಹುದು. ಮುಚ್ಚಿಟ್ಟು ಮಗನ್ನ ಉಳಿಸ್ಕೊಳ್ಳೋಕೆ ಆಗಲ್ಲಮ್ಮ. ನಾನು ಮುಳಬಾಗಿಲ ಹತ್ರ, ಮಗ ಆಡ್ತಾ ಆಡ್ತಾ ಬಿದ್ದು ಹೋದ ಒಬ್ಬ ತಾಯಿನ ನೋಡಿದೀನಿ."

ಹೊರಡುವಾಗ ಚೀಲದ ತುಂಬ ಟೊಮೆಟೊ ಹಾಕಿ ಕೊಟ್ಟಳು. "ಡಾಕ್ಟರಿಗೆ ಹೇಳು. ಊರಿಗೆ ಹೇಳಬೇಡ," ಅಂದಳು. ದಾರಿಯಲ್ಲೇ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರು, "ಯಾವ ಕಾರಣಕ್ಕೂ ಆ ಹುಡುಗ ಆಡಬಾರದು," ಅಂದರು.

ಟೂರ್ನಮೆಂಟಿನ ದಿನ ನಾನು ಮೊದಲ ಮ್ಯಾಚ್ ಆದ ಮೇಲೂ ಎದ್ದು ಹೋಗಲಿಲ್ಲ. ಅಂಗಳದ ಅಂಚಿಗೇ ಕುರ್ಚಿ ಹಾಕಿಸಿಕೊಂಡೆ. ಆಂಬ್ಯುಲೆನ್ಸ್ ನಿಂತಿತ್ತು. ಎದೆ ಒತ್ತುವುದು ಹೇಗೆ ಅಂತ ಡಾಕ್ಟರು ಬಂದು ಎಲ್ಲ ಕ್ಯಾಪ್ಟನ್‌ಗಳಿಗೂ ದಿಂಬಿನ ಮೇಲೆ ಕಲಿಸಿದ್ದರು. ಬಿದ್ದವನಿಗೆ ಉಸಿರಿಲ್ಲ ಅಂದರೆ ಬೀಗದ ಕೈ ಹುಡುಕುತ್ತಾ ನಿಲ್ಲಬೇಡಿ, ಒತ್ತುವುದಕ್ಕೆ ಶುರು ಮಾಡಿ ಅಂತ ಹೇಳಿಕೊಟ್ಟಿದ್ದರು. ರೈಡರ್ ಬನಿಯನ್ ಹಾಕಿಕೊಂಡೇ ಬಂದಿದ್ದ. ಕಾಲು ನೋವು ಅಂತ ಊರವರಿಗೆ ಹೇಳಿಕೊಂಡು ನನ್ನ ಪಕ್ಕ ಕೂತ.

ಫೈನಲ್ಲಿಗೆ ಅವರ ತಂಡ ಬಂದೇ ಬಂತು. ಕಂಪನಿಯವರು ಇಬ್ಬರು ಎದುರಿನ ಸಾಲಿನಲ್ಲಿ ಕೂತಿದ್ದರು. ಎರಡನೇ ಅರ್ಧಕ್ಕೆ ತಂಡ ಹಿಂದೆ ಬಿತ್ತು. ಟೈಮ್‌ಔಟ್ ತೆಗೆದುಕೊಂಡು ಕ್ಯಾಪ್ಟನ್ ನಮ್ಮ ಕಡೆ ಬಂದ, ಬೆವರು ಸುರಿಯುತ್ತಿತ್ತು.

"ಅಕ್ಕಾ, ಒಂದೇ ಒಂದು ರೈಡ್. ಬೋನಸ್ ತಗೊಂಡು ವಾಪಸ್ ಬರ್ತಾನೆ. ಯಾರೂ ಮುಟ್ಟೋಕೂ ಆಗಲ್ಲ."

"ಇಲ್ಲ."

"ಕಾಯಿಲೆ ಇದೆ ಅಂತ ಇನ್ನೂ ಎಲ್ಲಿ ಗೊತ್ತಾಗಿದೆ? ಸ್ಕ್ಯಾನೇ ಆಗಿಲ್ಲ."

"ಇಲ್ಲ ಅಂತಲೂ ಗೊತ್ತಾಗಿಲ್ಲ. ನಿನ್ನ ಟೆಂಪೋ ಬ್ರೇಕ್ ಮೇಲೆ ಅನುಮಾನ ಬಂದ್ರೆ ಲೋಡ್ ಹಾಕ್ಕೊಂಡು ಘಾಟಿ ಇಳೀತೀಯಾ?"

ಅಷ್ಟರಲ್ಲಿ ಜನ ಅವನನ್ನು ನೋಡಿ ಕೂಗಲು ಶುರು ಮಾಡಿದ್ದರು. ಮೈಕಿನವನೂ ಸೇರಿಕೊಂಡ. ಊರಿನ ದೊಡ್ಡವರೊಬ್ಬರು ಬಂದು ನನ್ನ ಕಿವಿಯಲ್ಲಿ, ಊರಿನ ಮರ್ಯಾದೆ ಪ್ರಶ್ನೆಯಮ್ಮ ಅಂದರು. "ಇವನು ಅಂಗಳಕ್ಕೆ ಕಾಲಿಟ್ರೆ ಕಪ್ ಎತ್ಕೊಂಡು ಮನೆಗೆ ಹೋಗ್ತೀನಿ," ಅಂದೆ. ಅವರು ನನ್ನ ಮುಖ ನೋಡಿದರು, ತಮಾಷೆ ಅಲ್ಲ ಅಂತ ಗೊತ್ತಾಯಿತು. ಆದರೂ ಕಪ್ಪಿನ ಬೆದರಿಕೆ ಎಷ್ಟು ಹೊತ್ತು ನಡೆಯುತ್ತದೆ? ಆ ಹುಡುಗ ಎದ್ದು ಓಡಿದ್ದರೆ ನಾನು ಹಿಡಿಯುತ್ತಿದ್ದೆನಾ?

ಅವನು ಎದ್ದು ನಿಂತ. ಎದುರಿಗಿದ್ದ ಕಂಪನಿಯವರನ್ನು ನೋಡಿದ, ಕ್ಯಾಪ್ಟನ್‌ನನ್ನು ನೋಡಿದ.

"ಅಣ್ಣಾ, ನಮ್ಮಪ್ಪ ಪೈಪ್ ಎಳೆಯೋಕೆ ಹೋಗಿ ಸತ್ತ," ಅಂದ. "ಅವತ್ತು ಅವನಿಗೆ ಬೇಡ ಅನ್ನೋರು ಯಾರೂ ಇರಲಿಲ್ಲ. ನೀನು ಹೋಗಿ ಆಡು."

ಬನಿಯನ್ ತೆಗೆದು ತಂಡದ ಇನ್ನೊಬ್ಬನಿಗೆ ಕೊಟ್ಟ. ಮತ್ತೆ ಕೂತ. ಕ್ಯಾಪ್ಟನ್ ಅವನ ತಲೆಯ ಮೇಲೆ ಒಂದು ಸಲ ಕೈ ಇಟ್ಟು ಓಡಿದ. ತಂಡ ಸೋತಿತು. ಆಟ ಮುಗಿಯುವ ಮೊದಲೇ ಕಂಪನಿಯವರು ಎದ್ದು ಹೋದದ್ದನ್ನು ಅವನೂ ನೋಡಿದ, ನಾನೂ ನೋಡಿದೆ.

ಸ್ಕ್ಯಾನಿನ ದಿನ ಬೆಳಿಗ್ಗೆ ಮಾಲೂರಿನಲ್ಲಿ ಅವನನ್ನು ಕೂಡಿಕೊಂಡು ರೈಲು ಹತ್ತಿದೆ. ಮಾತು ಕೊಟ್ಟಿದ್ದೆನಲ್ಲ. ಆಸ್ಪತ್ರೆಯಲ್ಲಿ ಎಕೋ ಮಾಡಿದ ಡಾಕ್ಟರಮ್ಮ ಪರದೆಯ ಮೇಲೆ ನಮಗೇ ತೋರಿಸಿದರು. ಗುಂಡಿಗೆಯ ಒಳಗೋಡೆ ಒಂದು ಕಡೆ ದಪ್ಪ ಆಗಿತ್ತು. ಹುಟ್ಟಿನಿಂದ ಬಂದದ್ದು, ರಕ್ತಸಂಬಂಧದಲ್ಲಿ ಹರಿಯುವಂಥದ್ದು, ಅಪ್ಪನಿಂದ ಬಂದಿರಬಹುದು ಅಂದರು. ಮಾತ್ರೆ ಬರೆದರು, ಇನ್ನೂ ಕೆಲವು ಪರೀಕ್ಷೆ ಇದೆ ಅಂದರು. ಸರಿಯಾಗಿ ನೋಡಿಕೊಂಡರೆ ಎಲ್ಲರ ಹಾಗೆ ಬದುಕಬಹುದು, ಕೆಲಸ ಮಾಡಬಹುದು, ಆದರೆ ಪಂದ್ಯಕ್ಕೆ ಕಬಡ್ಡಿ ಆಡೋದು ಇನ್ನು ಬೇಡ ಅಂದರು.

ಅವನು ಒಂದೇ ಪ್ರಶ್ನೆ ಕೇಳಿದ. "ಮೇಡಂ, ನನ್ನ ತಂಗಿ ಓಡ್ತಾಳೆ. ಅವಳಿಗೂ ಇರಬಹುದಾ?"

"ಇರಬಹುದು, ಇಲ್ಲದೆಯೂ ಇರಬಹುದು. ನೋಡಲೇಬೇಕು. ಕರ್ಕೊಂಡು ಬನ್ನಿ."

ವಾಪಸ್ ಬರುವ ರೈಲಿನಲ್ಲಿ ಅವನು ಕಿಟಕಿ ಪಕ್ಕ ಕೂತ. ಕಂಪನಿಯಲ್ಲಿ ಏನು ಹೇಳ್ಲಿ ಅಕ್ಕಾ ಅಂತ ಅವನೇ ಕೇಳಿದ. ಇದ್ದದ್ದನ್ನು ಹೇಳು, ನಿನ್ನ ಕೈಕೆಲಸ ಚೆನ್ನಾಗಿದೆಯಲ್ಲ, ಅದರ ಮೇಲೆ ಪರ್ಮನೆಂಟ್ ಕೇಳೋಣ, ಬೇಕಾದ್ರೆ ನಾನೂ ಬರ್ತೀನಿ ಅಂದೆ. ಕೊಡ್ತಾರಾ ಅಂದ. ಗೊತ್ತಿಲ್ಲ, ಕೇಳದೆ ಯಾರೂ ಕೊಡಲ್ಲ ಅಂದೆ.

ಆಮೇಲೆ ಫೋನ್ ತೆಗೆದು ತಾಯಿಗೆ ಮಾಡಿದ. ತೆಲುಗಿನಲ್ಲಿ ಮಾತಾಡುತ್ತಿದ್ದ. ತಂಗಿಯನ್ನು ಇವತ್ತು ಓಟಕ್ಕೆ ಕಳಿಸಬೇಡ ಅಂದ. ಅವಳು ಇನ್ನೂ ಸ್ಕೂಲಿನಲ್ಲೇ ಇದ್ದಳು, ಸಂಜೆ ಓಟದ ಅಭ್ಯಾಸ ಇತ್ತು. ತಾಲೂಕು ಮಟ್ಟದ ಓಟ ಹತ್ತಿರ ಇದೆ, ಹೆಸರು ಕೊಟ್ಟಾಗಿದೆ, ಈಗ ಬಿಡಿಸಿದರೆ ಮೇಷ್ಟ್ರು ಯಾಕೆ ಏನು ಅಂತ ಕೇಳುತ್ತಾರೆ, ಮಾತು ಹೊರಗೆ ಹೋಗುತ್ತದೆ ಅಂತ ತಾಯಿ ಆ ಕಡೆಯಿಂದ ಹೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು.

"ಮಾತು ಹೊರಗೆ ಹೋದ್ರೆ ಹೋಗಲಿ ಬಿಡಮ್ಮ. ಅವಳನ್ನ ನಾನು ನೋಡ್ಕೋತೀನಿ," ಅಂದ. ಫೋನ್ ಇಟ್ಟು, ಸ್ಕೂಲಿನ ಪಿಟಿ ಮೇಷ್ಟ್ರ ನಂಬರ್ ಹುಡುಕಿದ.

ಮೇಷ್ಟ್ರು ಒಪ್ಪುತ್ತಿರಲಿಲ್ಲ. ನಮ್ಮ ಸ್ಕೂಲಿಗೆ ಪ್ರೈಜ್ ಬರೋದೇ ಅವಳಿಂದ, ಅವಳು ಗಟ್ಟಿಮುಟ್ಟಾಗಿದಾಳೆ, ಮುಂದಿನ ತಿಂಗಳು ತೋರಿಸು ಅನ್ನುತ್ತಿದ್ದರು. ಫೋನ್ ಕೊಡು, ನಾನು ಮಾತಾಡ್ತೀನಿ ಅಂತ ಕೈ ಚಾಚಿದೆ. ಅವನು ತಲೆ ಅಲ್ಲಾಡಿಸಿ ಕಿಟಕಿ ಕಡೆ ತಿರುಗಿದ.

"ಸಾರ್, ನಾನೂ ಗಟ್ಟಿಮುಟ್ಟಾಗೇ ಇದ್ದೆ," ಅಂದ. "ಟೆಸ್ಟ್ ಆಗೋವರೆಗೂ ಅವಳು ಓಡಲ್ಲ. ಈಗ ಗ್ರೌಂಡಲ್ಲಿದ್ರೆ ಒಳಗೆ ಕಳಿಸಿ ಸಾರ್, ನಾನು ಫೋನ್ ಇಡಲ್ಲ. ನೀವು ಹೋಗಿ ಹೇಳಿ ಬನ್ನಿ, ಕಾಯ್ತೀನಿ."